ನೊಗ ಕಾಣದ ಎತ್ತು

"ಹೆಗಲು ಮುಟ್ಟಬ್ಯಾಡ್ರಿ! ಕಾಲು ಮುಟ್ಟಿ ಕೈ ಮುಗೀರಿ, ಸಾಕು!"

ಪಾಲಣ್ಣ ಬಿಳಿ ಎತ್ತಿಗೆ ಅಡ್ಡ ನಿಂತು ಕೂಗಿದ. ಹಟ್ಟಿಯ ಜನ ಹಿಂದೆ ಸರಿದರು. ಅವನು ಕಿಲಾರಿ, ದೇವರಿಗೆ ಬಿಟ್ಟ ಎತ್ತುಗಳ ಮಂದೆ ಕಾಯುವವನು. ವರ್ಷದಲ್ಲಿ ಹತ್ತು ತಿಂಗಳು ಅವುಗಳ ಜೊತೆ ಹುಲ್ಲುಗಾವಲಿನಲ್ಲೇ ಬದುಕುವವನು. ಯಾವ ಎತ್ತಿನ ವಿಷಯ ಏನೆಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತು?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಾಲಣ್ಣ ತನ್ನದು ಬಿಟ್ಟು ಎತ್ತಿನ ಹೆಗಲನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ದಪ್ಪಗೆ ಅರಿಶಿನ ಬಳಿದು, ಮೇಲೆ ಕೆಂಪು ವಸ್ತ್ರ ಕಟ್ಟಿದ್ದರೂ ಧೈರ್ಯವಿಲ್ಲ. ವಸ್ತ್ರದ ಕೆಳಗೆ ಅಂಗೈಯಗಲದ ಜಡ್ಡಿತ್ತು. ನೊಗ ಹೊತ್ತೂ ಹೊತ್ತೂ ಕಟ್ಟಿದ ಜಡ್ಡು. ದೇವರೆತ್ತಿಗೆ ಹುಟ್ಟಿದಾಗಿನಿಂದ ಸಾಯುವ ತನಕ ನೊಗ ಸೋಕಬಾರದು. ಗುಟ್ಟು ಹೊರಬಿದ್ದರೆ ಕಿಲಾರಿಯ ಕೋಲು ಕಿತ್ತುಕೊಂಡು ಹಟ್ಟಿಯಿಂದಲೇ ಅಟ್ಟುತ್ತಾರೆ. ಆಮೇಲೆ ಅವನ ಮನೆಗೆ ಬೆಂಕಿ ಕೊಡುವವರಿಲ್ಲ, ನೀರು ಕೊಡುವವರಿಲ್ಲ.

ಎಲ್ಲ ಆದದ್ದು ಆ ಹಲಗೆ ದಾರಿಯಿಂದ.

ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ಒಂದು ಕೆರೆ. ಪಕ್ಕದಲ್ಲಿ ಹಳೆಯ ಪಾಳೇಗಾರರ ವಾಡೆ, ಅದರ ಸುತ್ತ ತೋಟ. ಪ್ಲೇಗು ಬಂದುಹೋದ ಮರುವರ್ಷ ಯಾರೋ ಇಂಜಿನಿಯರು ದೊರೆ ಅಲ್ಲಿ ಬಿಡಾರ ಮಾಡಿ, ಏರಿಯಿಂದ ತೂಬಿನ ಮಂಟಪದವರೆಗೆ ನೀರಿನ ಮೇಲೆ ಹಲಗೆ ಹಾಸಿಸಿದ್ದ. ಚಳ್ಳಕೆರೆಯ ವರ್ತಕರು ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಕರೆತಂದು ಅದರ ಮೇಲೆ ಓಡಾಡಿ ಹೋಗುತ್ತಿದ್ದರು. ನೀರಿನ ಮೇಲೆ ನಡೆದೆವೆಂದು ಸಂತೆಯಲ್ಲಿ ಜಂಬ ಕೊಚ್ಚುವವರ ಮಾತು ಕೇಳಿ ಕೇಳಿ ಪಾಲಣ್ಣನಿಗೂ ಆಸೆಯಾಯಿತು.

ಹೋದ ಸುಗ್ಗಿಯ ಒಂದು ಮಧ್ಯಾಹ್ನ ಮಂದೆಯನ್ನು ಕೆರೆಯಂಚಿಗೆ ಬಿಟ್ಟು ಹಲಗೆ ಹತ್ತಿದ. ಕಾಲ ಕೆಳಗೆ ದಡದಡ ಸದ್ದು, ಸಂದಿನಲ್ಲಿ ಮೀನು. ನಲವತ್ತು ದಾಟಿದ ಗಂಡಸು ಏಳು ಸಲ ಹೋಗಿ ಬಂದ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು, ತೋಟಕ್ಕೂ ನುಗ್ಗಿದ. ಕಲ್ಲಾನೆಯ ಸೊಂಡಿಲು ಸವರಿದ. ಕುಂಡದಲ್ಲಿದ್ದ ಬಣ್ಣದೆಲೆಯ ಗಿಡ ತೋರಿಸಿ, "ಇದನ್ನ ಕುರಿ ತಿಂತಾವಾ?" ಎಂದು ತೋಟಗಾರ ಚಿಕ್ಕಬಸಪ್ಪನನ್ನು ಕೇಳಿದ. ವಾಡೆಯ ಅಂಗಳದ ಉಯ್ಯಾಲೆಯಲ್ಲಿ ಕೂತು ಜೀಕಿದ. ಅಷ್ಟು ಖುಷಿ ಅವನು ತನ್ನ ಮದುವೆಯಲ್ಲೂ ಪಟ್ಟಿರಲಿಲ್ಲ.

ವಾಪಸು ಬರುವಷ್ಟರಲ್ಲಿ ಮಂದೆಯ ಹಿರಿಯ, ಬಿಳಿ ಎತ್ತು, ಹೂಳಿನಲ್ಲಿ ಸಿಕ್ಕಿ ಸತ್ತಿತ್ತು.

ದೇವರೆತ್ತು ಸತ್ತರೆ ಉರುಮೆ ಬಡಿದು, ಹಟ್ಟಿಯೆಲ್ಲ ಸೇರಿ ಮಣ್ಣು ಮಾಡಬೇಕು. ಪಾಲಣ್ಣ ಕದ್ದು ಮಾಡಿದ. ಅವನೂ ಚಿಕ್ಕಬಸಪ್ಪನೂ ಸೇರಿ, ತೋಟದ ಬಾವಿಯಲ್ಲಿ ಕಪಿಲೆಯಿಂದ ನೀರೆತ್ತುವ ಜೋಡಿ ಎತ್ತಿಗೆ ಹಗ್ಗ ಕಟ್ಟಿ ಹೆಣವನ್ನು ಎಳೆಸಿದರು. ಹುಣಸೆಮರದ ಬುಡದಲ್ಲಿ ಅಗೆಯಲು ಹೋದವನನ್ನು ಚಿಕ್ಕಬಸಪ್ಪ ತಡೆದ.

"ಅಲ್ಲಿ ಬ್ಯಾಡಣ್ಣ. ಈ ಮಗ್ಗುಲಿಗೆ ಅಗಿ."

ಮಣ್ಣು ಮುಚ್ಚಿದ ಮೇಲೆ, ಪಾಲಣ್ಣ ಬಾಯಿಬಿಟ್ಟು ಕೇಳುವ ಮೊದಲೇ, ಜೋಡಿಯಲ್ಲಿದ್ದ ಬಿಳಿ ಎತ್ತನ್ನು ಬಿಚ್ಚಿ ತಂದ.

"ಕೊಂಬು ಹಂಗೇ ಐತೆ. ಹೊಡ್ಕಂಡು ಹೋಗು, ಯಾರಿಗೂ ತಿಳಿಯಾಕಿಲ್ಲ."

ಬದಲಿಗೆ ಪಾಲಣ್ಣ ಮನೆಯ ಎರಡು ಟಗರು ತಂದುಕೊಟ್ಟ. ಚಿಕ್ಕಬಸಪ್ಪ ಚೌಕಾಸಿ ಮಾಡಲಿಲ್ಲ.

ಹೇಳಿದಂತೆ ಯಾರಿಗೂ ತಿಳಿಯಲಿಲ್ಲ. ಸಂಕಟ ಇದ್ದದ್ದೇ ಅಲ್ಲಿ. ಈಗ ಮಂದೆ ಹಟ್ಟಿಗೆ ಬಂದು ಎರಡು ದಿನವಾಗಿತ್ತು. ಮುದುಕಿಯರು ಬಾವಿ ಕೆಲಸದ ಎತ್ತಿಗೆ ಅಡ್ಡಬೀಳುತ್ತಿದ್ದರು. ಕ್ಯಾತಮ್ಮ ಜ್ವರದಲ್ಲಿ ಬೇಯುತ್ತಿದ್ದ ಕೂಸನ್ನು ತಂದು, ಎತ್ತಿನ ಗೊರಸಿನ ಮಣ್ಣು ತೆಗೆದು ಹಣೆಗೆ ಹಚ್ಚಿದಳು. ಮೂರನೆಯ ಬೆಳಿಗ್ಗೆ ನಗುತ್ತಾ ಬಂದಳು.

"ಪಾಲಣ್ಣ, ಕೂಸು ಮೊಲೆ ಕುಡೀತು ಕಣಣ್ಣ. ನಿನ್ನ ಎತ್ತು ಉಳಿಸ್ತು."

ಕೂಸು ಬದುಕಿದ್ದಕ್ಕೆ ಅವನಿಗೆ ಸಂತೋಷವಾಗಲಿಲ್ಲ. ಸಂತೋಷ ಕೂಡ ಆಗಲಿಲ್ಲವಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ತಾನು ಉಯ್ಯಾಲೆ ಆಡಿದ್ದಕ್ಕೆ ಇಡೀ ಹಟ್ಟಿ ಸುಳ್ಳಿಗೆ ಕೈಮುಗಿಯುತ್ತಿದೆ. ಮುಂದಿಟ್ಟ ಅಂಬಲಿ ಮುಟ್ಟದೆ ಎದ್ದ. ಎತ್ತನ್ನು ಹಿಡಿದುಕೊಂಡು ಬೋರಯ್ಯನ ಗುಡಿಸಲಿಗೆ ನಡೆದ.

ಬೋರಯ್ಯ ಹಟ್ಟಿಯ ಯಜಮಾನ, ಪಾಲಣ್ಣನಿಗಿಂತ ಹಿಂದಿನ ಕಿಲಾರಿ. ಕಣ್ಣು ಮಂಜಾದ ಮೇಲೆ, ನಾಲ್ಕು ವರ್ಷದ ಕೆಳಗೆ ಕೋಲು ಒಪ್ಪಿಸಿದವನು. ತನ್ನ ಕಾಲದಲ್ಲಿ ಬಿಳಿ ಎತ್ತಿನ ಮೈಯನ್ನು ತಾನಲ್ಲದೆ ಬೇರೆ ಯಾರಿಗೂ ತೊಳೆಯಲು ಬಿಟ್ಟವನಲ್ಲ. ಅಂಥ ಭಕ್ತಿ ಈಗ ಯಾರಿಗಿದೆ ಎಂದು ಜನ ಇಂದಿಗೂ ಹೇಳುತ್ತಾರೆ.

ಪಾಲಣ್ಣ ಕೋಲನ್ನು ಮುದುಕನ ಕಾಲ ಬಳಿ ಇಟ್ಟು ಎಲ್ಲವನ್ನೂ ಹೇಳಿದ. ಹಲಗೆ, ಉಯ್ಯಾಲೆ, ಹೂಳು, ಜಡ್ಡು. ಎತ್ತು ಕೊಟ್ಟವನ ಹೆಸರು ಮಾತ್ರ ಎತ್ತಲಿಲ್ಲ. ಉಪಕಾರ ಮಾಡಿದವನ ಅನ್ನಕ್ಕೆ ಕಲ್ಲು ಹಾಕುವುದು ಬೇಡವೆನಿಸಿತು.

"ಹಟ್ಟಿ ಕೂಡಿಸು ತಾತ. ಏನು ಸಿಕ್ಷೆ ಕೊಟ್ರೂ ಸರಿ. ನನ್ನ ಕೈಲಿ ತಡೆಯಾಕೆ ಆಗಾಕಿಲ್ಲ."

ಬೋರಯ್ಯ ಎದ್ದು, ತಡವರಿಸುತ್ತಾ ಎತ್ತಿನ ಹತ್ತಿರ ಹೋದ. ವಸ್ತ್ರ ಸರಿಸಿ ಹೆಗಲ ಮೇಲೆ ಬೆರಳಾಡಿಸಿದ. ಪಾಲಣ್ಣ ಏಟಿಗೆ ಕಾಯುವವನಂತೆ ತಲೆ ತಗ್ಗಿಸಿದ.

"ಅರಿಶಿನ ಬಿಡದೆ ಹಚ್ತಾ ಇರು," ಎಂದ ಬೋರಯ್ಯ. "ನೊಗ ತಪ್ಪಿದ ಮ್ಯಾಲೆ ಮೂರು ಮಳೆಗಾಲ ಸಾಕು. ಜಡ್ಡು ತಾನಾಗೇ ಕರಗ್ತೈತೆ, ಕೂದ್ಲೂ ಬರ್ತೈತೆ."

ಪಾಲಣ್ಣ ತಲೆಯೆತ್ತಿದ. "ನಿಂಗೆ ಹೆಂಗೆ ಗೊತ್ತು ತಾತ?"

ಮುದುಕನ ಮಂಜುಗಣ್ಣಿನಲ್ಲಿ ನೀರು ತುಂಬಿತ್ತು.

"ಚಿಕ್ಕಬಸಪ್ಪ ಈಗ ಹೆಂಗವ್ನೆ? ನಂಗೆ ಎತ್ತು ಬಿಚ್ಚಿ ಕೊಟ್ಟಾಗ ಅವನಿಗಿನ್ನೂ ಮೀಸೆ ಬಂದಿರ್ಲಿಲ್ಲ."