ಮುಂದಿನಾಕೆಯ ಪತ್ರ

ನನ್ನ ಬರವಣಿಗೆ ಸುಬೈದಾ ಅಕ್ಕನ ಮಾತಿನಂತೆ ಕೇಳುತ್ತದೋ ಇಲ್ಲವೋ ಎಂಬುದೇ ನಾಲ್ಕು ದಿನದಿಂದ ನನ್ನ ಚಿಂತೆ.

ದೇಶದ ಕ್ಯಾನ್ಸರ್ ಆಸ್ಪತ್ರೆಗಳೆಲ್ಲ ಒಂದಾದ ಮೇಲೆ, ಅದೇ ಗಡ್ಡೆ, ಅದೇ ಔಷಧದ ಒಬ್ಬರು ಚಿಕಿತ್ಸೆಯ ಸಾಲಿನಲ್ಲಿ ಪ್ರತಿ ರೋಗಿಯ ಮುಂದಿರುತ್ತಾರೆ, ಒಬ್ಬರು ಹಿಂದೆ. ಮುಂದಿನವರಿಗೆ ಆದದ್ದು ಒಂಬತ್ತು ದಿನದ ಮೇಲೆ ಹಿಂದಿನವರಿಗೂ ಆಗುತ್ತದೆ, ಇದುವರೆಗೆ ತಪ್ಪಿಲ್ಲ. ಅದಕ್ಕೇ ಮುಂದಿನವರು ದಿನಾ ಪತ್ರ ಬರೆಯಬೇಕು; ಆಸ್ಪತ್ರೆಯವರು ಅದನ್ನು ಹಿಂದಿನವರ ಭಾಷೆಗೆ ತಿರುಗಿಸಿ ಅಚ್ಚು ಹಾಕಿ ಕೊಡುತ್ತಾರೆ. ಅವ್ವನ ಮುಂದೆ ಕೋಯಿಕ್ಕೋಡಿನ ಸುಬೈದಾ ಅಕ್ಕ, ಹಿಂದೆ ರಾಯಪುರದ ಒಬ್ಬಾಕೆ. ‘ಅನ್ನಕ್ಕೆ ಕಬ್ಬಿಣದ ರುಚಿ ಬರುತ್ತದೆ, ನಿಂಬೆ ಹಿಂಡಿಕೊ’ ಎಂದು ಸುಬೈದಾ ಅಕ್ಕ ಬರೆದರೆ, ನಾನು ನಿಂಬೆ ತಂದಿಟ್ಟು ಕಾಯುತ್ತಿದ್ದೆ.

ಅವರು ತೀರಿಹೋದ ಸುದ್ದಿಯನ್ನು ಡಾಕ್ಟರು ನನಗೊಬ್ಬಳಿಗೇ ಹೇಳಿದರು. ಅವ್ವನಿಗೆ ಕೊಡಲು ಬೇರೆ ಔಷಧ ಇಲ್ಲ ಎಂದರು. ಅಂದಿನಿಂದ ಅವರ ಪತ್ರಗಳನ್ನು ನಾನೇ ಬರೆಯುತ್ತಿದ್ದೇನೆ.

ಇಂದಿನ ಪತ್ರ ಓದಿ ಮುಗಿಸಿ ಅವ್ವ ಕನ್ನಡಕ ತೆಗೆದಳು.

“ಏನವಾ ಇದು? ಮಳಿ, ಮೊಮ್ಮಕ್ಕಳು, ಮೀನಿನ ಸಾರು. ಬ್ಯಾನಿ ಸುದ್ದಿ ಒಂದಕ್ಷರಿಲ್ಲ. ಆಕಿ ಹಿಂಗ ಬರಿಯಾಕಿ ಅಲ್ಲ.”

“ಆರಾಮಾಗ್ಯಾರೇನೋ,” ಎಂದೆ.

“ಹೌದ? ಹಂಗಾರ ನನಗೂ ಆರಾಮಾಗತೈತಿ.” ಅವ್ವ ಎಷ್ಟೋ ದಿನದ ಮೇಲೆ ನಕ್ಕಳು. ಪೆನ್ನು ತೆಗೆದುಕೊಂಡಳು. “ತಡಿ, ರಾಯಪುರದಾಕಿಗೆ ಬರದಬಿಡ್ತೀನಿ. ಮೂರು ಸಣ್ಣ ಮಕ್ಕಳ ತಾಯಿ, ಪಾಪ, ನನ್ನ ಪತ್ರದ ದಾರಿ ಕಾಯ್ತಿರ್ತಾಳ.”

‘ಹೆದರಬ್ಯಾಡ’ ಎಂದು ಬರೆಯುತ್ತಿದ್ದ ಅವಳ ಕೈ ಹಿಡಿದೆ.

“ಅವ್ವಾ, ಬರೀಬ್ಯಾಡ. ಪತ್ರ ಬರದಾಕಿ ನಾನು. ಸುಬೈದಾ ಅಕ್ಕ ತೀರಿಹೋಗಿ ನಾಕು ದಿನಾತು.”