ಏಳನೆಯ ಉಪಾಯ

ಮಾವ ಎಡಮಗ್ಗುಲಿಗೆ ಮಲಗಿಕೊಂಡು ಗಟ್ಟಿಯಾಗಿ ಎಣಿಸುತ್ತಿದ್ದರು. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು, ಬಲಗೈ ಎದೆಯನ್ನು ಒತ್ತಿ ಹಿಡಿದಿತ್ತು. ಬಟ್ಟೆ ಒಣಹಾಕಿ ಒಳಗೆ ಬಂದ ಸೊಸೆ ಖಾಲಿ ಬಕೆಟ್ಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು.

“ಏನಾಯ್ತು ಮಾವ?”

“ಮೂವತ್ತೊಂಬತ್ತು... ಮಾತಾಡಿಸ್ಬೇಡಮ್ಮ, ಲೆಕ್ಕ ತಪ್ಪುತ್ತೆ. ಊಟ ಆದಾಗಿನಿಂದ ಎದೆ ಹಿಡ್ಕೊಂಡಿದೆ. ಕೈಯೂ ಸೆಳೀತಿದೆ. ಗ್ಯಾಸು, ಇನ್ನೇನಿಲ್ಲ. ಬೇಕಾದ್ರೆ ನೋಡು, ಬರೆದಿದ್ದಾರೆ.”

ದಿಂಬಿನ ಪಕ್ಕದಲ್ಲಿದ್ದ ಫೋನನ್ನು ಎತ್ತಿಕೊಂಡಳು. ‘ಎದೆ ಬಿಗಿತವೇ? ಗಾಬರಿ ಬೇಡ, ಮನೆಯಲ್ಲೇ ಇವೆ ಏಳು ಉಪಾಯ.’ ಎರಡು ಸಾಲು ಓದುವಷ್ಟರಲ್ಲಿ ಅವಳಿಗೆ ಗುರುತು ಸಿಕ್ಕಿತು. ಅದನ್ನು ಬರೆದವಳು ಅವಳೇ. ಆರೋಗ್ಯದ ಜಾಲತಾಣವೊಂದಕ್ಕೆ ಮನೆಯಲ್ಲೇ ಕೂತು ದಿನಕ್ಕೆ ಎಂಟು ಬರಹ ಕೊಡುವುದು ಅವಳ ಕೆಲಸ. ಅಲ್ಲಿಷ್ಟು ಇಲ್ಲಿಷ್ಟು ಓದಿ, ಮಾತು ತಿರುಗಿಸಿ ಬರೆದು ಕಳಿಸಿದರೆ ಆಫೀಸಿನವರು ಅದರ ಮೇಲೊಂದು ಬಿಳಿ ಕೋಟಿನವರ ಚಿತ್ರ ಹಾಕುತ್ತಾರೆ. ಆ ದಿನ ಅವಳಿಗೆ ಸಿಕ್ಕಿದ್ದು ಆರೇ ಉಪಾಯ. ಆರು ಅಂದರೆ ತಲೆಬರಹಕ್ಕೆ ತೂಕ ಸಾಲದು ಎಂದು ಅಲ್ಲಿಂದ ಹೇಳಿಕಳಿಸಿದರು. ಬರೆದು ಬರೆದು ಸಾಕಾಗಿಹೋಗಿದ್ದವಳು ಏಳನೆಯದನ್ನು ತಾನೇ ಹುಟ್ಟಿಸಿದ್ದಳು: ಎಡಮಗ್ಗುಲಿಗೆ ಮಲಗಿ ನಿಧಾನವಾಗಿ ನೂರರವರೆಗೆ ಎಣಿಸಿ. ಮಾವ ಈಗ ಐವತ್ತೆರಡಕ್ಕೆ ಬಂದಿದ್ದರು.

“ಏಳಿ ಮಾವ, ಆಸ್ಪತ್ರೆಗೆ ಹೋಗೋಣ. ಇದು ಗ್ಯಾಸ್ ಅಲ್ಲ.”

“ನೀನ್ಯಾವಾಗ ಡಾಕ್ಟ್ರಾದೆ?”

“ಇದನ್ನ ಬರೆದೋಳು ನಾನೇ. ಸುಳ್ಳು ಮಾವ. ಎಣಿಸೋದು ಗಿಣಿಸೋದು ಎಲ್ಲ ನಾನೇ ಕಟ್ಟಿದ್ದು.”

ಅಷ್ಟು ನೋವಿನಲ್ಲೂ ಮಾವನಿಗೆ ನಗು ಬಂತು. ಮೂವತ್ತೈದು ವರ್ಷ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದ ಮನುಷ್ಯ. ಅಕ್ಷರದಲ್ಲಿ ಇರುವುದನ್ನು ನಂಬುವರೇ ಹೊರತು ಮನೆಯವರ ಬಾಯಲ್ಲಿ ಬಂದದ್ದನ್ನಲ್ಲ. “ಕೋಟು ಹಾಕ್ಕೊಂಡು ಡಾಕ್ಟ್ರು ನಿಂತಿದ್ದಾರಲ್ಲ, ಅವರೇನು ನಿನ್ನ ತಮ್ಮನಾ? ಸುಮ್ನೆ ಹೆದರಿಸ್ಬೇಡ ಹೋಗು. ನೂರಾಗ್ಲಿ, ಆಮೇಲೆ ನೋಡೋಣ. ಎಲ್ಲಿಗೆ ಬಂದಿದ್ದೆ?”

ಮಾವನ ಫೋನನ್ನು ಅಲ್ಲೇ ಇಟ್ಟು, ತನ್ನದರಿಂದ ಗಂಡನಿಗೆ ಎರಡು ಸಲ ಫೋನ್ ಮಾಡಿದಳು. ಪಾಳಿಯಲ್ಲಿದ್ದಾಗ ಅವನು ಎತ್ತುವುದಿಲ್ಲ. ಆಂಬುಲೆನ್ಸಿಗೆ ಮಾಡಿದಳು, ಹತ್ತು ನಿಮಿಷ ಎಂದರು. ಬಂದವರನ್ನು ಈ ಹಟಮಾರಿ ಮುದುಕ ಬಾಗಿಲಿಂದಲೇ ವಾಪಸು ಕಳಿಸುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಕೈಹಿಡಿದು ಎಬ್ಬಿಸೋಣವೆಂದರೆ ಅವರು ಮಂಚದ ಅಂಚನ್ನೇ ಬಿಡಲಿಲ್ಲ. ಅವಳಿಗೆ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಅಡುಗೆಮನೆಯ ಮೂಲೆಯಲ್ಲಿದ್ದ ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತಳು. ಆಫೀಸಿನವರು ಕೊಟ್ಟಿದ್ದ ಪಾಸ್‌ವರ್ಡ್ ಹಾಕಿ, ಜಾಲತಾಣದಲ್ಲಿದ್ದ ಬರಹ ತೆರೆದು ಏಳನೆಯ ಉಪಾಯವನ್ನು ಅಳಿಸಿದಳು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹೊಸ ಸಾಲು ಹಾಕಿದಳು: ‘ಎದೆ ಹಿಡಿದುಕೊಂಡು ಕೈ ಸೆಳೆಯುತ್ತಿದ್ದರೆ, ಬೆವರುತ್ತಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ. ತಕ್ಷಣ ಆಸ್ಪತ್ರೆಗೆ ಹೊರಡಿ.’ ಅವಸರದಲ್ಲಿ ಎರಡು ಸಲ ತಪ್ಪಾಯಿತು, ತಿದ್ದಿ ಪ್ರಕಟಿಸಿದಳು.

“ಮಾವ, ಆ ಪುಟ ಇನ್ನೊಂದ್ಸಲ ತೆಗೆದು ನೋಡಿ. ಹೊಸದೇನೋ ಹಾಕಿದ್ದಾರೆ.”

ಎಂಬತ್ತಮೂರಕ್ಕೆ ಎಣಿಕೆ ನಿಂತಿತು. ಮಾವ ಕನ್ನಡಕ ಏರಿಸಿಕೊಂಡು ಒಮ್ಮೆ ಓದಿದರು, ಮತ್ತೆ ಓದಿದರು. ಮುಖ ಬಿಳಿಚಿಕೊಂಡಿತು.

“ನನ್ನ ಅಂಗಿ ಕೊಡು. ತಕ್ಷಣ ಹೊರಡ್ಬೇಕಂತೆ, ಡಾಕ್ಟ್ರೇ ಬರೆದಿದ್ದಾರೆ. ಅಲ್ಲಮ್ಮ, ಇಷ್ಟು ಹೊತ್ತು ನೀನು ನೋಡ್ತಾ ನಿಂತಿದ್ದೆಯಲ್ಲ!”

ಆಂಬುಲೆನ್ಸ್ ಬಂದಾಗ ಅವರೇ ಅಂಗಿಯ ಗುಂಡಿ ಹಾಕಿಕೊಂಡು, ಮಂಚದ ತುದಿಯಲ್ಲಿ ಕೂತು ಕಾಯುತ್ತಿದ್ದರು.

ಇನ್ನರ್ಧ ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಸಂಜೆ ಡಾಕ್ಟರು ಹೇಳಿಹೋದರು. ಗಾಜಿನ ಆಚೆ ಮಾವ ಎದೆ ತುಂಬ ವೈರು ಅಂಟಿಸಿಕೊಂಡು ಮಲಗಿದ್ದರು. ಮಾತಾಡಬಾರದು ಎಂದು ನರ್ಸು ಎಷ್ಟು ಹೇಳಿದರೂ, ಫೋನಿನಲ್ಲಿದ್ದ ಪುಣ್ಯಾತ್ಮರೊಬ್ಬರು ತಮ್ಮ ಜೀವ ಉಳಿಸಿದ ಕಥೆಯನ್ನು ಆಕೆಗೇ ಹೇಳುತ್ತಿದ್ದರು. ಸೊಸೆ ಹೊರಗಿನ ಬೆಂಚಿನಲ್ಲಿ ಗೋಡೆಗೆ ತಲೆಯಾನಿಸಿ ಕೂತಿದ್ದಳು. ಅಳಬೇಕು ಅನ್ನಿಸುತ್ತಿತ್ತು, ಅದಕ್ಕೂ ಸುಸ್ತು. ಇವತ್ತಿನ ಎಂಟರಲ್ಲಿ ಇನ್ನೂ ಐದು ಬರಹ ಹಾಗೇ ಉಳಿದಿದ್ದವು.

ಫೋನು ಬಡಿದುಕೊಂಡಿತು. ಆಫೀಸಿನ ಮೇಲ್ವಿಚಾರಕ.

“ಏನ್ರೀ, ಹೇಳದೆ ಕೇಳದೆ ಹಳೇ ಬರಹ ತಿದ್ದಿದ್ದೀರಿ? ಚೆನ್ನಾಗಿ ಓಡ್ತಿದ್ದದ್ದು ಅದು. ಜನ ಕೊನೇ ತನಕ ಓದ್ತಿದ್ರು. ಈಗ ಮೇಲಿನ ಆ ಒಂದು ಸಾಲು ನೋಡ್ತಾರೆ, ಎದ್ದು ಹೋಗ್ತಾರೆ. ಮಧ್ಯಾಹ್ನದಿಂದ ನಾನೂರ ಹನ್ನೆರಡು ಜನ ಹಾಗೇ ಹೋಗಿದ್ದಾರೆ. ಏನು ಹೇಳ್ತೀರಿ ಇದಕ್ಕೆ?”

ಜಗಳವಾಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಗಾಜಿನ ಆಚೆಯ ಮಂಚವನ್ನು ನೋಡುತ್ತ ಮೆಲ್ಲಗೆ ಕೇಳಿದಳು:

“ಎಲ್ಲಿಗೆ ಹೋದ್ರು ಅಂತ ಗೊತ್ತಾ ಸರ್?”