ಎಲ್ಲರೂ ಬಿದ್ದರು

“ಬಿದ್ದ,” ಎಂದಳು ಬಿಂದುಶ್ರೀ.

ಟೀವಿಯಲ್ಲಿ ಆ ಸ್ಕೀ ಆಟಗಾರ ಕೊನೆಯ ಗೆರೆ ದಾಟಿ ಎರಡೂ ಕೈ ಮೇಲೆತ್ತಿದ್ದ. ಹಿಮದ ಪುಡಿ ಇನ್ನೂ ಅವನ ಹಿಂದೆ ಹಾರುತ್ತಿತ್ತು.

“ಜೋರಾಗಿ ಬಿದ್ನಾ?” ಅವಳ ಗಂಡ ರೇವಂತ್ ಕೇಳಿದ.

“ಸ್ಟ್ರೆಚರ್ ತಂದ್ರು.”

ರೇವಂತ್ ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದ. ಟೀವಿಯ ಧ್ವನಿಯನ್ನು ಅವಳು ಪೂರ್ತಿ ಅಡಗಿಸಿದ್ದಳು. ಅತ್ತೆಗೆ ಗದ್ದಲ ಆಗುವುದಿಲ್ಲ ಎಂಬುದು ಅವಳು ಕೊಟ್ಟ ಕಾರಣ. ಅತ್ತೆ ಯಶೋದಮ್ಮ ಸೀರಿಯಲ್ಲುಗಳ ಗದ್ದಲದಲ್ಲೇ ನಿದ್ದೆ ಮಾಡುವವರು. ಆದರೂ ಯಾರೂ ಮರುಮಾತಾಡಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಬಸವೇಶ್ವರನಗರದ ಇದೇ ಮನೆಯಲ್ಲಿ, ರೇವಂತ್ ಮತ್ತು ಅವನ ಗೆಳೆಯ ಸಿದ್ದೇಶ್ ಚಳಿಗಾಲದ ಒಲಿಂಪಿಕ್ಸ್ ನೋಡಿದ್ದರು. ಅದುವರೆಗೆ ಇಬ್ಬರೂ ಹಿಮ ಕಂಡದ್ದು ಫ್ರಿಜ್ಜಿನಲ್ಲಿ. ಮರುದಿನವೇ ಕಾಲುಚೀಲ ಹಾಕಿಕೊಂಡು ನುಣುಪು ನೆಲದ ಮೇಲೆ ಜಾರತೊಡಗಿದರು. “ಮಂಡಿ ಬಗ್ಸು ಮಗಾ. ಬಸ್ಸಿಗೆ ಕಾಯೋನ್ ಥರ ನಿಂತಿದೀಯಲ್ಲ,” ಎಂದು ಒಬ್ಬರನ್ನೊಬ್ಬರು ತಿದ್ದುತ್ತಿದ್ದರು. ಆಮೇಲೆ ನಾಗರಬಾವಿಯ ಇಳಿಜಾರಿನಲ್ಲಿ ರೋಲರ್ ಸ್ಕೇಟ್ಸ್. ಆಮೇಲೆ ಕಾಶ್ಮೀರದ ಗುಲ್ಮಾರ್ಗ್, ನಿಜವಾದ ಹಿಮ. ಒಮ್ಮೆ ಹೋದವರು ಪ್ರತಿ ಚಳಿಗಾಲಕ್ಕೂ ಹೋದರು. ಪದಕದ ಆಸೆಯೇನೂ ಇರಲಿಲ್ಲ. ಟೀವಿಯಲ್ಲಿ ಕಂಡ ಒಂದು ತಿರುವು ತನ್ನ ಕಾಲಿಗೂ ಬಂತು ಎಂದು ಫೋನಿನಲ್ಲಿ ಕೂಗಿ ಹೇಳಿದರೆ ರೇವಂತ್‌ಗೆ ಅಷ್ಟೇ ಸಾಕಾಗಿತ್ತು.

ಈ ಸಲ ಮೊದಲ ಹಿಮಕ್ಕೇ ಹೋದವನು ತಲೆಗೆ ಪೆಟ್ಟು ತಿಂದು ಬಂದ. ಎರಡೂ ಕಣ್ಣುಗಳೊಳಗೆ ರಕ್ತ ತುಂಬಿ ಏನೂ ಕಾಣದಾಗಿತ್ತು. ತಾನಾಗಿ ಕರಗಿದರೂ ಕರಗಬಹುದು, ಕಾಯಿರಿ ಎಂದರು ಡಾಕ್ಟರು. ಯಶೋದಮ್ಮ ಬೆಳ್ಳಿಯ ಒಂದು ಜೊತೆ ಕಣ್ಣು ಮಾಡಿಸಿ, ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಮುಂದಿಟ್ಟರು. ಮಗನಿಗೆ ಕಣ್ಣು ಕಂಡ ಮೇಲೆ ಮೂಡಲಪಾಳ್ಯದ ಮಾರಮ್ಮನಿಗೆ ಒಪ್ಪಿಸುವ ಹರಕೆ. ಅಲ್ಲಿಯವರೆಗೆ ಗಂಟು ಬಿಚ್ಚುವಂತಿಲ್ಲ.

ರೇವಂತ್‌ಗೆ ಕಾಯುವ ಸಹನೆ ಇರಲಿಲ್ಲ. “ಕಣ್ಣಿಲ್ದೇ ಇರೋರೂ ಆಡ್ತಾರೆ ಕಣೇ. ಮುಂದೆ ಒಬ್ರು ದಾರಿ ಹೇಳ್ತಾ ಹೋಗ್ತಾರೆ. ನಂಗೆ ಸಿದ್ದೇಶ್ ಹೇಳ್ತಾನೆ. ಈ ಸಲದ ಒಲಿಂಪಿಕ್ಸ್ ಮುಗೀಲಿ, ಹೊರಟ್ಬಿಡ್ತೀನಿ.”

ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಜೀವ ಉಳಿಯುವುದು ಕಷ್ಟ ಎಂದೂ ಡಾಕ್ಟರು ಹೇಳಿದ್ದರು. ಅದನ್ನು ಕಿವಿಗೆ ಹಾಕಿಕೊಂಡವಳು ಬಿಂದುಶ್ರೀ ಒಬ್ಬಳೇ.

ಆದ್ದರಿಂದ ಅವಳು ಎಲ್ಲರನ್ನೂ ಬೀಳಿಸಿದಳು. ನಾರ್ವೆಯವರನ್ನು, ಸ್ವಿಸ್ಸರನ್ನು, ಹೆಸರು ಹೇಳಲು ಬಾರದ ದೇಶದವರನ್ನು. ಮಂಡಿ ಮುರಿಸಿದಳು, ಬೇಲಿಗೆ ಬಡಿಸಿದಳು, ಹೆಲಿಕಾಪ್ಟರ್ ತರಿಸಿದಳು. ಮೊದಮೊದಲು ರೇವಂತ್ ನಂಬಿ ನರಳುತ್ತಿದ್ದ. “ಅಯ್ಯೋ, ಪಾಪ” ಎನ್ನುತ್ತಿದ್ದ.

ಒಂದು ಸಂಜೆ ಅವನೇ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಮುಖದಲ್ಲಿ ಮಗುವಿನಂಥ ನಗು.

“ಬಿಂದು, ಒಂದು ವಿಷಯ ಹೇಳ್ಬೇಕು.”

“ತಡಿ,” ಎಂದಳು ಅವಳು, ಟೀವಿ ನೋಡುತ್ತಲೇ. “ಅಯ್ಯೋ, ಇವ್ನೂ ಬಿದ್ದ. ಕುತ್ತಿಗೆ ಮೇಲೇ ಬಿದ್ದ.”

ಅವನ ನಗು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಇರಲಿಲ್ಲ.

“ಏನೋ ಹೇಳ್ತೀನಿ ಅಂದ್ಯಲ್ಲ?”

“ಏನಿಲ್ಲ ಬಿಡು. ಆಮೇಲೆ.”

ಆ ರಾತ್ರಿ ಅವನು ಊಟ ಬೇಡವೆಂದ. ಅಂತೂ ಹೆದರಿದ ಎಂದು ಬಿಂದುಶ್ರೀಗೆ ಸಮಾಧಾನವಾಯಿತು.

ಶುಕ್ರವಾರ ಯಶೋದಮ್ಮ ಮಲ್ಲಿಗೆ ಕಟ್ಟಿಕೊಂಡು ಯಾರದೋ ಮನೆಗೆ ಎಂದು ಹೋದರು. ಬಂದ ಮೇಲೆ ಸೊಸೆಯ ಜೊತೆ ಮಾತು ಕಡಿಮೆಯಾಯಿತು. ಬಿಂದುಶ್ರೀ ಗಮನಿಸಲಿಲ್ಲ. ಅವಳಿಗೆ ದಿನವೂ ಬೀಳಿಸಲು ಎಷ್ಟೋ ಜನರಿದ್ದರು.

ಕೊನೆಯ ವಾರ ರೇವಂತ್ ಕೇಳುವುದನ್ನೂ ಕಡಿಮೆ ಮಾಡಿದ. ಒಂದು ದಿನ ಮಾತ್ರ, ಅವಳು ಬಾಯಿ ತೆರೆಯುವ ಮುಂಚೆ, ಮೆಲ್ಲಗೆ ಅಂದ:

“ಇವಳಾದ್ರೂ ನಿಂತ್ಳಾ?”

“ಎಲ್ಲಿ ನಿಲ್ತಾಳೆ? ಬೇಲಿಗೆ ಹೋಗಿ ಬಡಿದ್ಲು.”

“ಹೂಂ. ಯಾರನ್ನೂ ಬಿಡಲ್ಲ ಹಂಗಾದ್ರೆ.”

“ಯಾರು?”

“ಹಿಮ ಕಣೇ,” ಎಂದ ರೇವಂತ್.

ಕ್ರೀಡೆಗಳು ಮುಗಿದ ಮರುದಿನ ಸಂಜೆ ಸಿದ್ದೇಶ್ ಬಂದ.

“ಇವನು ಗುಲ್ಮಾರ್ಗ್‌ಗೆ ಹೋಗ್ತಾ ಇದಾನೆ,” ಎಂದ ರೇವಂತ್. “ನನ್ನ ಬೂಟು, ಜಾಕೆಟ್ಟು ಎಲ್ಲಾ ಕೊಟ್ಕಳ್ಸು. ಗಾಗಲ್ಸೂ ಹಾಕು. ಇಲ್ಲಿದ್ದು ಏನ್ ಮಾಡುತ್ತೆ?”

ಬಿಂದುಶ್ರೀ ಸಂತೋಷದಿಂದ ಎದ್ದಳು. ತಾನೇ ಬೀರು ತೆಗೆದಳು, ತಾನೇ ಬ್ಯಾಗು ತುಂಬಿದಳು. ಉಣ್ಣೆಯ ಕಾಲುಚೀಲವನ್ನೂ ಬಿಡಲಿಲ್ಲ.

“ಬೂಟು ನಿಮಗೆ ದೊಡ್ಡದಾಗಲ್ವಾ?”

“ಹೆಂಗೋ ಆಗುತ್ತೆ ಅತ್ತಿಗೆ,” ಎಂದ ಸಿದ್ದೇಶ್, ಬ್ಯಾಗಿನ ಜಿಪ್ಪನ್ನೇ ನೋಡುತ್ತ.

“ಕೆಳಗಡೆವರೆಗೂ ಬಿಟ್ಟು ಬರ್ತೀನಿ,” ಎಂದು ರೇವಂತ್ ಗೆಳೆಯನ ಭುಜದ ಮೇಲೆ ಕೈಯಿಟ್ಟು ಎದ್ದ. ಬಾಗಿಲಲ್ಲಿ ಒಂದು ಕ್ಷಣ ನಿಂತ. “ಬಿಂದು, ಎಲ್ರೂ ಬೀಳ್ತಾರೆ ಅಂದ್ಮೇಲೆ ನಾನು ಬಿದ್ದಿದ್ದೇನು ದೊಡ್ಡದಲ್ಲ ಬಿಡು.”

“ಅದನ್ನೇ ನಾನೂ ಹೇಳ್ತಿದ್ದಿದ್ದು,” ಎಂದಳು ಅವಳು.

“ಹುಷಾರಾಗಿ ಕರ್ಕೊಂಡು ಹೋಗಪ್ಪಾ,” ಎಂದರು ಯಶೋದಮ್ಮ ಸಿದ್ದೇಶನಿಗೆ. ಮೆಟ್ಟಿಲಿನ ಮೇಲೆ ಚಪ್ಪಲಿಗಳ ಸದ್ದು ಇಳಿದು ಹೋಯಿತು. ಆಮೇಲೆ ಸೊಸೆಯ ಕಡೆ ತಿರುಗದೆ ಅವರು ಹೇಳಿದರು: “ಇವತ್ತು ದೀಪ ನೀನೇ ಹಚ್ಚು.”

ದೀಪ ಹಚ್ಚುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಬಿಂದುಶ್ರೀ ಕೈಕಾಲು ತೊಳೆದು ಬಂದಳು. ಬತ್ತಿ ಹೊತ್ತಿಕೊಂಡಿತು. ಬೆಳಕಿನಲ್ಲಿ ಅರಿಶಿನದ ಬಟ್ಟೆ ಕಂಡಿತು. ಗಂಟು ಬಿಚ್ಚಿತ್ತು. ಬೆಳ್ಳಿಯ ಕಣ್ಣುಗಳಿದ್ದ ಜಾಗದಲ್ಲಿ ಮಾರಮ್ಮನ ಕುಂಕುಮ ಇತ್ತು, ಜೊತೆಗೆ ಶುಕ್ರವಾರದ ಒಣಗಿದ ಮಲ್ಲಿಗೆ.

ಅವಳು ಬಾಲ್ಕನಿಗೆ ಓಡಿದಳು.

ಕೆಳಗೆ ಸಿದ್ದೇಶ್ ಆಗಲೇ ಕಾರಿನ ಎಡಗಡೆ ಸೀಟಿನಲ್ಲಿ ಕೂತಿದ್ದ. ರೇವಂತ್ ಕಪ್ಪು ಕನ್ನಡಕ ತೆಗೆದು, ತಲೆಯೆತ್ತಿ, ನೇರವಾಗಿ ಅವಳ ಕಣ್ಣನ್ನೇ ನೋಡಿದ. ಆಮೇಲೆ ಡ್ರೈವರ್ ಬಾಗಿಲು ತೆಗೆದು ಒಳಗೆ ಕೂತ.